ಅಕ್ಷಗಳು ತಿರುಗಿದರೂ ಉಳಿಯುವ ಸಂಖ್ಯೆ

ಪರಿಮಾಣದ ಜೊತೆಗೆ ದಿಕ್ಕನ್ನೂ ಹೊಂದಿರುವ ರಾಶಿಗೆ ಗಣಿತದಲ್ಲಿ ಸದಿಶವೆಂದು ಹೆಸರು. ಆಯ್ದುಕೊಂಡ ಅಕ್ಷಗಳಿಗೆ ಅನುಸಾರವಾಗಿ ಅದನ್ನು ಬಿಡಿಸಿದಾಗ ದೊರೆಯುವ ಸಂಖ್ಯೆಗಳೇ ಅದರ ಘಟಕಗಳು. ಎರಡು ಸದಿಶಗಳ ಅನುರೂಪ ಘಟಕಗಳನ್ನು ಗುಣಿಸಿ, ಬಂದುದನ್ನೆಲ್ಲ ಕೂಡಿದರೆ ಬಿಂದು ಗುಣಲಬ್ಧ ಸಿಗುತ್ತದೆ. ಅದಕ್ಕೆ ಇನ್ನೊಂದು ವ್ಯಾಖ್ಯೆಯೂ ಉಂಟು: ಎರಡು ಸದಿಶಗಳ ಪರಿಮಾಣಗಳನ್ನೂ ಅವುಗಳ ನಡುವಿನ ಕೋನದ ಕೊಸೈನನ್ನೂ ಗುಣಿಸಿದರೆ ಬರುವ ಸಂಖ್ಯೆ. ಈ ಎರಡನೆಯದರಲ್ಲಿ ಅಕ್ಷಗಳ ಸುಳಿವೇ ಇಲ್ಲ; ಮೊದಲನೆಯದೋ ಅಕ್ಷಗಳಿಲ್ಲದೆ ಆರಂಭವೇ ಆಗದು. ನೋಡುವವನು ಆಯ್ದ ಚೌಕಟ್ಟಿನಿಂದ ಹೊರಟ ಲೆಕ್ಕ, ಚೌಕಟ್ಟಿನ ಹಂಗಿಲ್ಲದ ಸತ್ಯವನ್ನು ಮುಟ್ಟುವುದು ಹೇಗೆಂಬ ತಾತ್ತ್ವಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಪರಸ್ಪರ ಲಂಬವಾದ ಎರಡು ಅಕ್ಷಗಳ ಮೇಲೆ ಒಂದು ಸದಿಶದ ಘಟಕಗಳು (3, 4), ಇನ್ನೊಂದರವು (2, 1) ಆಗಿದ್ದರೆ ಬಿಡಿ ಗುಣಲಬ್ಧಗಳು 6 ಮತ್ತು 4, ಮೊತ್ತ 10. ಸದಿಶಗಳನ್ನು ಇದ್ದಲ್ಲೇ ಬಿಟ್ಟು, ಮೊದಲ ಅಕ್ಷವು ಮೊದಲ ಸದಿಶದ ಮೇಲೆಯೇ ಬೀಳುವಂತೆ ಅಕ್ಷಗಳೆರಡನ್ನೂ ತಿರುಗಿಸಿದರೆ ಘಟಕಗಳು (5, 0) ಮತ್ತು (2, −1) ಆಗುತ್ತವೆ; ಬಿಡಿ ಗುಣಲಬ್ಧಗಳು 10 ಮತ್ತು 0, ಮೊತ್ತ ಮತ್ತೆ 10. ಆದುದರಿಂದ 6 ಮತ್ತು 4 ಎಂಬ ಪಾಲುಗಳು ಸದಿಶಗಳ ಗುಣವಲ್ಲ, ಅಕ್ಷಗಳ ಆಯ್ಕೆಯ ನೆರಳು ಮಾತ್ರ. ಇದನ್ನು ಕಂಡೊಡನೆ ಜೈನರ ಅನೇಕಾಂತವಾದವನ್ನು ನೆನೆಯುವುದು ಸುಲಭವಾದರೂ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಅಲ್ಲಿ ಒಂದೊಂದು ನಯ, ಅಂದರೆ ಒಂದೊಂದು ದೃಷ್ಟಿ, ವಸ್ತುವಿನ ಒಂದಂಶವನ್ನು ಮಾತ್ರ ಹಿಡಿದರೆ, ಇಲ್ಲಿ ಪ್ರತಿಯೊಂದು ಚೌಕಟ್ಟೂ ಇಡೀ ಉತ್ತರವನ್ನೇ ಕೊಡುತ್ತದೆ.

ಹಾಗೆಂದು ಎಲ್ಲ ಚೌಕಟ್ಟುಗಳೂ ಸಮಾನವೆನ್ನಲಾಗದು. ಏಕಮಾನದಷ್ಟೇ ಉದ್ದದ ಅಳತೆಗಳಿರುವ, ಆದರೆ 60 ಡಿಗ್ರಿ ಕೋನದಲ್ಲಿ ಓರೆಯಾಗಿ ನಿಂತ ಅಕ್ಷಗಳ ಮೇಲೆ ಅವೇ (3, 4) ಮತ್ತು (2, 1) ಘಟಕಗಳಿರುವ ಸದಿಶಗಳ ನಿಜವಾದ ಗುಣಲಬ್ಧ 15.5, ಸರಳ ಸೂತ್ರ ಹೇಳುವ 10 ಅಲ್ಲ, ಏಕೆಂದರೆ ಅಲ್ಲಿ ಒಂದು ಅಕ್ಷದ ಘಟಕಕ್ಕೂ ಇನ್ನೊಂದು ಅಕ್ಷದ ಘಟಕಕ್ಕೂ ನಂಟು ಬೆಳೆಯುತ್ತದೆ. ದಿನಸಿ ಅಂಗಡಿಯ ಚೀಟಿಯೂ ಇದೇ ಬಗೆಯ ಲೆಕ್ಕ: ಅಕ್ಕಿಯ ದರವನ್ನು ಅಕ್ಕಿಯ ತೂಕದಿಂದ, ಬೇಳೆಯ ದರವನ್ನು ಬೇಳೆಯ ತೂಕದಿಂದ ಗುಣಿಸಿ ಕೂಡುವುದು. ಆದರೆ ಅಕ್ಕಿಯ ಅಕ್ಷವನ್ನು ಬೇಳೆಯ ಕಡೆಗೆ ತಿರುಗಿಸುವುದಕ್ಕೆ ಅರ್ಥವಿಲ್ಲ, ದರಕ್ಕೂ ತೂಕಕ್ಕೂ ನಡುವೆ ಕೋನವೆಂಬುದೂ ಇಲ್ಲ. ಸೂತ್ರ ಒಂದೇ ಆದರೂ ಉದ್ದ, ಕೋನಗಳ ಕಲ್ಪನೆ ಸೂತ್ರದೊಳಗಿಂದ ಬಂದುದಲ್ಲ, ಅದನ್ನು ಮೊದಲೇ ಒಪ್ಪಿಕೊಂಡಿರಬೇಕು.

ಯಾವ ಬದಲಾವಣೆಗಳಿಗೆ ಅನುಮತಿಯುಂಟೆಂದು ಮೊದಲು ಹೇಳಿ, ಅವುಗಳ ನಡುವೆ ಕದಲದೆ ಉಳಿಯುವುದನ್ನು ಅಭ್ಯಸಿಸುವುದೇ ಜ್ಯಾಮಿತಿಯೆಂಬ ವಿಚಾರವನ್ನು ಫೆಲಿಕ್ಸ್ ಕ್ಲೈನ್ 1872ರಲ್ಲಿ ಎರ್ಲಾಂಗನ್‌ನಲ್ಲಿ ಮಂಡಿಸಿದನು. ಅನುಮತಿಯ ಪಟ್ಟಿ ಹಿಗ್ಗಿದರೆ ಉಳಿಯುವುದೂ ಬೇರೆಯಾಗುತ್ತದೆ. ಪರಸ್ಪರ ಚಲಿಸುತ್ತಿರುವ ವೀಕ್ಷಕರ ಚೌಕಟ್ಟುಗಳನ್ನೂ ಸೇರಿಸಿಕೊಂಡಾಗ ಬರಿಯ ದೇಶದ ಘಟಕಗಳಿಂದ ಬಂದ ಮೊತ್ತ ಒಬ್ಬೊಬ್ಬರಿಗೆ ಒಂದೊಂದಾಗುತ್ತದೆ. 1908ರಲ್ಲಿ ಹರ್ಮನ್ ಮಿಂಕೋವ್‌ಸ್ಕಿ ನಿರೂಪಿಸಿದ ದೇಶ-ಕಾಲದ ಜ್ಯಾಮಿತಿಯಲ್ಲಿ, ಆ ಮೊತ್ತದಿಂದ ಕಾಲದ ಘಟಕಗಳ ಗುಣಲಬ್ಧವನ್ನು ತಕ್ಕ ಏಕಮಾನದಲ್ಲಿ ಕಳೆದಾಗ ಮಾತ್ರ ಎಲ್ಲರಿಗೂ ಒಂದೇ ಸಂಖ್ಯೆ ದೊರೆಯುತ್ತದೆ.