ದೀಪದ ದೋಷವೂ ದುರಸ್ತಿಯೂ

ಕೆಟ್ಟ ವಸ್ತುವನ್ನು ಸರಿಪಡಿಸುವುದು ಬೇರೆ. ಅದು ಕೆಡುವುದಕ್ಕೆ ಕಾರಣವಾದ ನಡತೆಯನ್ನು ಸರಿಪಡಿಸುವುದು ಬೇರೆ. ಮೊದಲನೆಯದನ್ನು ಹಣ ಕೊಟ್ಟು ಮಾಡಿಸಬಹುದು. ಎರಡನೆಯದನ್ನು ಒಡೆಯನೇ ಮಾಡಿಕೊಳ್ಳಬೇಕು. ಈ ಅಂತರವನ್ನು ತಿಳಿಯಲು ದೊಡ್ಡ ಶಾಸ್ತ್ರಗಳನ್ನು ಅರಸಬೇಕಾದುದಿಲ್ಲ. ಇಂದು ಅನೇಕ ಗೃಹಸ್ಥರ ಮನೆಯ ಮುಂದೆ ನಿಂತಿರುವ ಕಾರಿನ ಹೆಡ್‌ಲೈಟೇ ಅದಕ್ಕೆ ತಕ್ಕ ದೃಷ್ಟಾಂತವಾಗಿದೆ.

ತುಮಕೂರಿನಿಂದ ತಿಪಟೂರಿಗೆ ಸಾಗುವ ಹೆದ್ದಾರಿಯನ್ನು ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ದಾರಿಯು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕೂಡುತ್ತದೆ. ಅಲ್ಲಿಂದ ಒಳಗಣ ಹಳ್ಳಿಗಳಿಗೆ ಹೊರಳಿದರೆ ಇಕ್ಕೆಲದಲ್ಲಿಯೂ ತೆಂಗಿನ ತೋಟಗಳು. ಬೆಳದಿಂಗಳೂ ಗರಿಗಳ ಸಂದಿನಿಂದ ತುಣುಕು ತುಣುಕಾಗಿಯೇ ನೆಲಕ್ಕಿಳಿಯುತ್ತದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ವ್ಯಾಪಾರ ಮುಗಿಸಿ, ಹೊತ್ತು ಮುಳುಗಿದ ಮೇಲೆ ಊರಿಗೆ ಮರಳುವ ಗೃಹಸ್ಥನು ತನ್ನ ಕಾರಿನ ಬೆಳಕು ಸಾಲದೆಂದು ಬಗೆದರೆ ಆಶ್ಚರ್ಯವಿಲ್ಲ. ಅಂಥವನೊಬ್ಬನು 60 ವ್ಯಾಟಿನ ಹ್ಯಾಲೊಜನ್ ಬಲ್ಬನ್ನು ತೆಗೆದು, 100 ವ್ಯಾಟಿನದನ್ನು ಮನೆಯಂಗಳದಲ್ಲಿ ತಾನೇ ಕೂರಿಸಿದನೆಂದು ಭಾವಿಸಬಹುದು. ಬುಡದ ಅಳತೆಯು ಒಂದೇ ಆದುದರಿಂದ ಕೆಲಸವೇನೋ ಸುಲಭ. ಕೆಲವು ಕಾಲ ದಾರಿಯು ಹಗಲಿನಂತೆ ಬೆಳಗಿತು. ಬಳಿಕ ಮಬ್ಬು ಕವಿಯಿತು. ಹಿಂದಿದ್ದಷ್ಟು ಬೆಳಕೂ ಇಲ್ಲದಂತಾಯಿತು.

ಇದರ ಕಾರಣವು ಗೂಢವಾದುದಲ್ಲ. 12 ವೋಲ್ಟಿನ ಬ್ಯಾಟರಿಯಿಂದ 60 ವ್ಯಾಟಿನ ಬಲ್ಬು 5 ಆಂಪಿಯರ್ ವಿದ್ಯುತ್ತನ್ನು ಎಳೆದರೆ, 100 ವ್ಯಾಟಿನದು 8 ಆಂಪಿಯರಿಗೂ ಮೀರಿ ಎಳೆಯುತ್ತದೆ. ವೈರಿನಲ್ಲಿ ಹುಟ್ಟುವ ಶಾಖವು ವಿದ್ಯುತ್ತಿನ ವರ್ಗಕ್ಕನುಸಾರವಾಗಿ ಏರತಕ್ಕದ್ದು. ಆದಕಾರಣ ಅದೇ ವೈರಿನಲ್ಲಿ ಶಾಖವು ಸುಮಾರು ಮೂರು ಮಡಿಯಾಗುತ್ತದೆ. ಹೋಲ್ಡರು ಮೊದಲು ಕಂದಿ ಆಮೇಲೆ ಕರಗುತ್ತದೆ. ಬಲ್ಬಿನ ಹಿಂದಣ ರಿಫ್ಲೆಕ್ಟರಿಗೆ ಬಳಿದಿರುವ ತೆಳುವಾದ ಅಲ್ಯೂಮಿನಿಯಂ ಲೇಪವು ಸುಟ್ಟು ಹೊಳಪುಗೆಡುತ್ತದೆ. ಈಚಿನ ಕಾರುಗಳಲ್ಲಿ ಮುಂದಣ ಮುಚ್ಚಳವು ಗಾಜಿನದಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಸುಮಾರು 147 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಮೆದುವಾಗುವುದು. ಶಾಖಕ್ಕೆ ಮಿತಿಯುಂಟೆಂಬುದು ತೆಂಗಿನ ಸೀಮೆಯವರಿಗೆ ಹೊಸ ಮಾತಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಮೆಲ್ಲಗೆ ಒಣಗಿದ ಕಾಯಿಯು ಒಳ್ಳೆಯ ಉಂಡೆ ಕೊಬ್ಬರಿಯಾಗುತ್ತದೆ. ಅವಸರದಿಂದ ಬೆಂಕಿಗೂ ಹೊಗೆಗೂ ಒಡ್ಡಿದ ಕೊಬ್ಬರಿಯ ಬಣ್ಣ ಕೆಡುತ್ತದೆ.

ಇನ್ನು ದುರಸ್ತಿಯ ವಿಚಾರ. ಬಿಸಿಲಿಗೆ ಸಿಕ್ಕಿ ಮುಚ್ಚಳದ ಹೊರಮೈ ಹಳದಿಗಟ್ಟಿದ್ದರೆ, ನೀರು ಹಾಕಿ ಉಪ್ಪುಕಾಗದದಿಂದ, ಮೊದಲು ಒರಟಾದುದರಿಂದಲೂ ಆಮೇಲೆ ನಯವಾದುದರಿಂದಲೂ ಉಜ್ಜಿ, ಪಾಲಿಶ್ ಮಾಡಿ, ಬಿಸಿಲನ್ನು ತಡೆಯುವ ಲೇಪ ಕೊಟ್ಟರೆ ತಿಳಿಯಾಗುತ್ತದೆ. ಆದರೆ ಒಳಗಿನ ಶಾಖದಿಂದ ಮುಚ್ಚಳದಲ್ಲಿ ಎದ್ದ ಬೊಬ್ಬೆಯು ಹೊರಗಿನ ಉಜ್ಜುವಿಕೆಗೆ ಹೋಗುವುದಿಲ್ಲ. ಸುಟ್ಟ ರಿಫ್ಲೆಕ್ಟರನ್ನು ಬಟ್ಟೆಯಿಂದ ಒರೆಸಿದರೆ ಉಳಿದ ಲೇಪವೂ ಕಿತ್ತು ಬರುವುದು. ಅದನ್ನು ಬದಲಿಸಬೇಕು, ಇಲ್ಲವೆ ಇಡಿಯ ದೀಪವನ್ನೇ ಹೊಸದಾಗಿ ಹಾಕಿಸಬೇಕು. ಕರಗಿದ ಹೋಲ್ಡರನ್ನೂ ಕಂದಿದ ವೈರನ್ನೂ ತೆಗೆಯಬೇಕು. ಇವೆಲ್ಲಕ್ಕಿಂತ ಮೊದಲು, ಸುಡುವ ಆ ಬಲ್ಬನ್ನು ತೆಗೆದು ತಕ್ಕ ಬಲ್ಬನ್ನು ಇಡಬೇಕು. ಬಲ್ಬನ್ನು ಉಳಿಸಿಕೊಂಡು ದೀಪವನ್ನು ಮಾತ್ರ ಹೊಸದಾಗಿಸಿದವನು ಮುಂದಿನ ದುರಸ್ತಿಗೆ ದಿನ ಗೊತ್ತುಮಾಡಿದವನಷ್ಟೇ ಸರಿ. ಮನುಷ್ಯನ ತಪ್ಪುಗಳಲ್ಲಿಯೂ ಈ ಎರಡು ಬಗೆಗಳುಂಟು: ಹೊರಗಿನಿಂದ ಹತ್ತಿದ ಮಸುಕು ಒಂದು, ತನ್ನೊಳಗಿನ ಉರಿಯಿಂದಲೇ ಆದ ಸುಡುಗಾಯ ಇನ್ನೊಂದು. ಎರಡನೆಯದಕ್ಕೆ ಮೊದಲನೆಯದರ ಮದ್ದು ನಾಟುವುದಿಲ್ಲ.

ಇಲ್ಲಿ ಒಂದು ಸಂದೇಹವು ತಲೆದೋರುವುದು. ಕಾರು ತನ್ನದು, ಹಣ ತನ್ನದು, ಸುಟ್ಟುದೂ ತನ್ನ ವಸ್ತು. ಇದರಲ್ಲಿ ಧರ್ಮಾಧರ್ಮದ ಪ್ರಶ್ನೆಯೆಲ್ಲಿ? ದೀಪದ ರಚನೆಯೇ ಇದಕ್ಕೆ ಉತ್ತರ ಕೊಡುತ್ತದೆ. ಇಂತಹ ಎರಡು ತಂತಿಯ ಹ್ಯಾಲೊಜನ್ ಬಲ್ಬಿನಲ್ಲಿ ಡಿಪ್ಪಿನ ತಂತಿಯ ಕೆಳಗೆ ಲೋಹದ ಒಂದು ಪುಟ್ಟ ಮರೆಯಿದೆ. ಎದುರು ಬರುವವನ ಕಣ್ಣಿಗೆ ಹೊಡೆಯಬಹುದಾದ ಕಿರಣಗಳನ್ನು ತಡೆಯುವುದೇ ಅದರ ಕೆಲಸ. ಎಂದರೆ, ಒಡೆಯನಿಗೆ ಬೆಳಕು ಕೊಡುವ ಬಲ್ಬಿನ ಒಳಗೇ ಪರನ ಕಣ್ಣಿನ ಚಿಂತೆಯೂ ಕೂಡಿಸಲ್ಪಟ್ಟಿದೆ. ರಿಫ್ಲೆಕ್ಟರು ಸುಟ್ಟು, ಮುಚ್ಚಳವು ಮಬ್ಬಾದಾಗ ಕಿರಣಗಳು ಚದುರಿ ಈ ಏರ್ಪಾಡು ಕೆಡುವುದು. ಒಡೆಯನಿಗೆ ದಾರಿ ಕಾಣದು, ಎದುರಿನವನಿಗೆ ಕಣ್ಣು ಕೋರೈಸುವುದು. ಶಾಖ ಕಡಿಮೆಯೆಂದು ಎಲ್‌ಇಡಿ ಬಲ್ಬನ್ನು ಹ್ಯಾಲೊಜನ್ ದೀಪದ ಗೂಡಿನಲ್ಲಿ ಕೂರಿಸುವವರೂ ಈಗ ಉಂಟು. ಆದರೆ ಆ ಗೂಡು ಬೇರೊಂದು ಬಗೆಯ ಬಲ್ಬಿಗಾಗಿ ಅಳೆದು ಮಾಡಿದುದು. ಬೆಳಕಿನ ಮೂಲವು ತನ್ನ ಸ್ಥಾನದಿಂದ ತುಸು ಆಚೀಚೆಯಾದರೂ ಕಿರಣವು ಹೋಗಬಾರದ ಕಡೆಗೆ ಹೋಗುವುದು.

‘ಎದುರಿನವನೇ ಬೆಳಕನ್ನು ತಗ್ಗಿಸದಿರುವಾಗ ನಾನೊಬ್ಬನೇ ಏಕೆ ತಗ್ಗಿಸಲಿ?’ ಎನ್ನುವವರುಂಟು. ಈ ವಾದವು ಇಬ್ಬರನ್ನು ಮಾತ್ರ ಎಣಿಸುತ್ತದೆ, ಮೂರನೆಯವನನ್ನು ಮರೆಯುತ್ತದೆ. ತೋಟದಿಂದ ಹಸುವನ್ನು ಹೊಡೆದುಕೊಂಡು ದಾರಿಯ ಅಂಚಿನಲ್ಲಿ ನಡೆದು ಬರುವವನ ಕೈಯಲ್ಲಿ ದೀಪವಿಲ್ಲ. ಎರಡು ಕಡೆಯಿಂದಲೂ ಕೋರೈಸುವ ಬೆಳಕುಗಳ ನಡುವೆ ಅವನು ಇಬ್ಬರ ಕಣ್ಣಿಗೂ ಮರೆಯಾಗುತ್ತಾನೆ. ಇಬ್ಬರ ಹಟಕ್ಕೆ ತೆರಬೇಕಾದ ಬೆಲೆಯನ್ನು ಆ ವಾದದಲ್ಲಿ ಪಾಲಿಲ್ಲದವನು ತೆರುತ್ತಾನೆ. ದೀಪದ ಕಿರಣವು ಎದುರಿನವರ ಕಣ್ಣು ಕೋರೈಸದಂತೆ ಕೆಳಕ್ಕೆ ಬಾಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಆದರೆ ತೋಟದ ಮಧ್ಯದ ಕತ್ತಲ ದಾರಿಯಲ್ಲಿ ಪೋಲೀಸಿನವರು ನಿಂತಿರುವುದಿಲ್ಲ. ನೋಡುವವರಿದ್ದಾಗ ನಡೆಯುವುದು ಕಟ್ಟಳೆ. ನೋಡುವವರಿಲ್ಲದಾಗಲೂ ನಡೆಯುವುದು ಆಚಾರ.

ಬೆಳಕು ಬೇಕೆಂಬ ಆಸೆಯು ತಪ್ಪಲ್ಲ. ಮುಚ್ಚಳವನ್ನು ಶುಚಿಯಾಗಿಟ್ಟು, ದೀಪದ ಬಾಗನ್ನು ಸರಿಯಾಗಿ ಹೊಂದಿಸಿ, ತಕ್ಕ ಬಲ್ಬನ್ನಿಟ್ಟು, ಕಾಣುವಷ್ಟು ದೂರಕ್ಕೆ ತಕ್ಕ ವೇಗದಲ್ಲಿ ಹೋದರೆ ಆ ಆಸೆಯು ಬಹುಮಟ್ಟಿಗೆ ಸಲ್ಲುವುದು. ಬೆಳಕು ಸಾಲದೆಂಬ ದೂರುಗಳಲ್ಲಿ ಕೆಲವು ನಿಜವಾಗಿ ವೇಗವು ಹೆಚ್ಚಾಯಿತೆಂಬ ದೂರುಗಳೇ ಆಗಿರುತ್ತವೆ.

ಗ್ಯಾರೇಜಿನ ಕೆಲಸಗಾರನಿಗೂ ಇಲ್ಲಿ ಹೊಣೆಯುಂಟು. ಹೊರಮೈ ಉಜ್ಜಿ ಮಿಂಚಿಸಿ, ಒಳಗಿನ ಸುಟ್ಟ ಹೋಲ್ಡರನ್ನು ಕಂಡೂ ಹೇಳದೆ ಕೂಲಿ ಪಡೆದರೆ ಅದು ದುಡಿಮೆಯಾದೀತು, ಕಾಯಕವಾಗದು; ಶರಣರು ಕಾಯಕಕ್ಕೆ ಸತ್ಯಶುದ್ಧವೆಂಬ ವಿಶೇಷಣವನ್ನು ಸುಮ್ಮನೆ ಸೇರಿಸಿದವರಲ್ಲ. ದೀಪವನ್ನು ಮಿಂಚಿಸಿದ ಮೇಲೆ ಕಾರನ್ನು ಮಾರಿಬಿಡೋಣವೆಂದು ಒಡೆಯನಿಗೆ ತೋರಬಹುದು. ಆಗ ವೈರು ಕಂದಿರುವ ಸಂಗತಿಯನ್ನು ಕೊಳ್ಳುವವನಿಗೆ ತಿಳಿಸಿದರೆ ಬೆಲೆಯಲ್ಲಿ ಕೆಲವು ಸಾವಿರ ತಗ್ಗೀತು. ತಿಳಿಸದಿದ್ದರೆ ಆ ಸುಡುವಿಕೆಯು ಮತ್ತೊಬ್ಬನ ಮನೆಗೆ ಹೋಗುತ್ತದೆ; ಅಲ್ಲಿ ಒಂದು ರಾತ್ರಿ ನಡುದಾರಿಯಲ್ಲಿ ದೀಪವೇ ಆರಿದರೆ, ಆ ಕತ್ತಲೆಯು ಯಾರದೆಂಬ ಪ್ರಶ್ನೆಗೆ ಮಾರಿದವನ ಮನಸ್ಸೇ ಉತ್ತರ ಹೇಳಬೇಕು. ಆ ಕೆಲವು ಸಾವಿರವನ್ನು ಬಿಟ್ಟುಕೊಡಲು ಸಿದ್ಧನಾದ ಗೃಹಸ್ಥನಲ್ಲಿ ದುರಸ್ತಿಯು ದೀಪವನ್ನು ದಾಟಿ ನಡತೆಯನ್ನು ಮುಟ್ಟಿತೆಂದು ತಿಳಿಯಬಹುದು.