ಸೆಳೆಯುವುದು ಬೇರೆ, ವಂಚಿಸುವುದು ಬೇರೆ

ಕತೆ ಹೇಳುವವನಿಗೆ ಕೇಳುವವರು ಬೇಕು. ಇದು ಹರಿಕತೆಯ ದಾಸರಿಗೂ ಗೊತ್ತಿತ್ತು, ಬಯಲಾಟದ ಭಾಗವತರಿಗೂ ಗೊತ್ತಿತ್ತು. ಇಂದು ಮೊಬೈಲಿನಲ್ಲಿ ಕಿರುಚಿತ್ರ ಮಾಡುವ ಕಾಲೇಜು ಹುಡುಗರಿಗೂ ಗೊತ್ತು. ಇಂಗ್ಲೆಂಡಿನಲ್ಲಿ 2008ರ ನಂತರದ ಕೆಲವು ವರ್ಷ, ಮಾಧ್ಯಮ ವಿಷಯ ಓದುವ ಹದಿಹರೆಯದ ವಿದ್ಯಾರ್ಥಿಗಳಿಂದ ಒಂದು ಚಲನಚಿತ್ರದ ಆರಂಭದ ಎರಡು ನಿಮಿಷವನ್ನು ಮಾತ್ರ ತಯಾರಿಸಿಸುತ್ತಿದ್ದರು. ಅನೇಕರು ಥ್ರಿಲ್ಲರನ್ನೇ ಆರಿಸಿಕೊಳ್ಳುತ್ತಿದ್ದರು. ಕಾರಣ ಸರಳ. ಒಂದು ಕತ್ತಲ ಕೋಣೆ, ಒಂದು ಟಾರ್ಚು, ಬಾಗಿಲಾಚೆ ಹೆಜ್ಜೆಯ ಸದ್ದು ಇದ್ದರೆ ಸಾಕು, ಖರ್ಚಿಲ್ಲದೆ ಭಯ ಹುಟ್ಟುತ್ತದೆ. ಕೊನೆಗೆ ಅವರು ಉತ್ತರಿಸಬೇಕಿದ್ದ ಪ್ರಶ್ನೆಗಳಲ್ಲಿ ಒಂದು ಇದು: ನಿಮ್ಮ ಪ್ರೇಕ್ಷಕರನ್ನು ಹೇಗೆ ಸೆಳೆದಿರಿ?

ಅಂಕ ಕೊಡುವವರಿಗೆ ಇದು ಕೇವಲ ಕೌಶಲದ ಪ್ರಶ್ನೆ. ಆದರೆ ಅದರ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಸೆಳೆಯುವುದಕ್ಕಾಗಿ ನಾವು ಏನೆಲ್ಲ ಮಾಡಬಹುದು? ಎಲ್ಲಿಗೆ ನಿಲ್ಲಬೇಕು?

ಈ ಪ್ರಶ್ನೆಯನ್ನು ದೂರದ ದೇಶದಲ್ಲಿ ಬಿಡದೆ ಕೋಲಾರ ತಾಲ್ಲೂಕಿನ ಸುಗಟೂರಿಗೆ ತಂದು ನೋಡೋಣ. ಹೊಸಕೋಟೆಯನ್ನು ಕಟ್ಟಿಸಿದ ತಮ್ಮೇಗೌಡನಂಥ ಪಾಳೆಯಗಾರರಿಂದ ಚರಿತ್ರೆಯಲ್ಲಿ ಹೆಸರಾದ ಊರು ಅದು. ಇಂದು ಅಲ್ಲಿಂದ ಕೋಲಾರದ ಕಾಲೇಜಿಗೆ ಹೋಗುವ ನಾಲ್ವರು ಹುಡುಗರು ಹತ್ತು ನಿಮಿಷದ ಥ್ರಿಲ್ಲರ್ ಮಾಡಲು ಹೊರಟಿದ್ದಾರೆ ಎಂದುಕೊಳ್ಳಿ. ಓದುವುದು ಕನ್ನಡ, ನೋಡುವುದು ತೆಲುಗು ಸಿನಿಮಾವನ್ನೂ, ಗೆಳೆಯರಲ್ಲೊಬ್ಬನ ಮನೆಮಾತು ಉರ್ದು. ಇದು ಕೋಲಾರ ಸೀಮೆಗೆ ಸಹಜ. ಅವರ ಪ್ರೇಕ್ಷಕರು ಯಾರು? ಅವರದೇ ವಯಸ್ಸಿನ ಹುಡುಗ ಹುಡುಗಿಯರು, ಅಕ್ಕಪಕ್ಕದ ಊರಿನ ಮೊಬೈಲುಗಳು. ಆ ಹುಡುಗರ ಮುಂದೆ ಇರುವ ದಾರಿಗಳಾವುವು?

ಒಂದು ದಾರಿಯನ್ನು ಹಿಚ್‌ಕಾಕ್ ತೋರಿಸಿದರು. ಮೇಜಿನ ಕೆಳಗಿನ ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ಪ್ರೇಕ್ಷಕ ಕೆಲವು ಕ್ಷಣ ಬೆಚ್ಚುತ್ತಾನೆ. ಬಾಂಬು ಇದೆಯೆಂದು ಅವನಿಗೆ ಮೊದಲೇ ತಿಳಿಸಿ, ಮೇಜಿನ ಸುತ್ತ ಕುಳಿತವರಿಗೆ ತಿಳಿಸದಿದ್ದರೆ, ಅವನು ಹದಿನೈದು ನಿಮಿಷ ಚಡಪಡಿಸುತ್ತಾನೆ. ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆಗಿನ ಮಾತುಕತೆಯಲ್ಲಿ ಅವರು ವಿವರಿಸಿದ ಈ ಮಾತನ್ನು ನಾವು ತಂತ್ರವೆಂದಷ್ಟೇ ಓದುತ್ತೇವೆ. ಅದರಲ್ಲಿ ನೀತಿಯೂ ಇದೆ. ಇಲ್ಲಿ ಪ್ರೇಕ್ಷಕನನ್ನು ಕತ್ತಲಲ್ಲಿಟ್ಟಿಲ್ಲ. ಅವನಿಗೆ ಸತ್ಯವನ್ನು ಹೇಳಿಯೇ ಹಿಡಿದು ಕೂರಿಸಲಾಗಿದೆ. ಅವನು ಪಾತ್ರಗಳ ಬಗ್ಗೆ ಕಳವಳಪಡುತ್ತಾನೆ. ಅಂದರೆ ಭಯ ಇಲ್ಲಿ ಕರುಣೆಯ ಜೊತೆಗಿದೆ.

ಇನ್ನೊಂದು ದಾರಿ 1999ರಲ್ಲಿ ಜಗತ್ಪ್ರಸಿದ್ಧವಾಯಿತು. ಅಮೆರಿಕದ ಫ್ಲಾರಿಡಾದಲ್ಲಿ ಸಿನಿಮಾ ಕಲಿತ ಇಬ್ಬರು ಯುವಕರು ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಮಾಡಿದರು. ಕಾಡಿಗೆ ಚಿತ್ರ ತೆಗೆಯಲು ಹೋಗಿ 1994ರಲ್ಲಿ ಕಾಣೆಯಾದ ಮೂವರು ವಿದ್ಯಾರ್ಥಿಗಳ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳಿವು ಎಂಬುದೇ ಕತೆ. ಅದು ಪರದೆಯ ಮೇಲಷ್ಟೇ ನಿಲ್ಲಲಿಲ್ಲ. ಅಂತರ್ಜಾಲದಲ್ಲಿ ಅದನ್ನು ನಿಜವೆಂಬಂತೆ ಪ್ರಚಾರ ಮಾಡಿದರು, ‘ಕಾಣೆಯಾಗಿದ್ದಾರೆ’ ಎಂಬ ಭಿತ್ತಿಪತ್ರ ಹಂಚಿದರು. ನಟಿಯ ತಾಯಿಗೆ ಜನರಿಂದ ಸಾಂತ್ವನದ ಪತ್ರಗಳು ಬಂದವು. ಬದುಕಿರುವ ಮಗಳಿಗಾಗಿ ತಾಯಿ ಸಂತಾಪ ಪಡೆಯಬೇಕಾಯಿತು. ಅತ್ಯಲ್ಪ ಹಣದಲ್ಲಿ ತೆಗೆದ ಚಿತ್ರ 20 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಕನ್ನಡದಲ್ಲೂ 2013ರಲ್ಲಿ ‘6-5=2’ ಬಂತು. ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳೆಂಬ ಇದೇ ರೂಪದಲ್ಲಿ ಬಂದ ಆ ಚಿತ್ರವನ್ನು ನೋಡಲು ಯುವಜನ ಮುಗಿಬಿದ್ದರು.

‘ಎಲ್ಲ ಕತೆಯೂ ಸುಳ್ಳೇ ಅಲ್ಲವೇ? ಇದರಲ್ಲಿ ತಪ್ಪೇನು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಲ್ಪನೆಗೂ ಸುಳ್ಳಿಗೂ ಒಂದು ವ್ಯತ್ಯಾಸವಿದೆ. ಬಯಲಾಟದ ರಾವಣ ಬೆಳಿಗ್ಗೆ ನಮ್ಮ ಜೊತೆಯೇ ಸಂತೆಗೆ ಬರುವವನೆಂದು ನೋಡುವ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಾವು ಅವನ ಅಬ್ಬರಕ್ಕೆ ಹೆದರುತ್ತೇವೆ. ಅಲ್ಲಿ ಆಡುವವನಿಗೂ ನೋಡುವವನಿಗೂ ನಡುವೆ ಒಂದು ಒಪ್ಪಂದವಿದೆ. ಸುಳ್ಳಿನಲ್ಲಿ ಆ ಒಪ್ಪಂದವಿಲ್ಲ. ಒಬ್ಬನಿಗೆ ಮಾತ್ರ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ಟಿಕೆಟು ಕೊಂಡು ಚಿತ್ರಮಂದಿರದೊಳಗೆ ಕುಳಿತವನಿಗೆ ಕನಿಷ್ಠ ನಾಲ್ಕು ಗೋಡೆಗಳಾದರೂ ಇವೆ. ದೀಪ ಹತ್ತಿದಾಗ ಅದು ಸಿನಿಮಾ ಎಂದು ಅವನಿಗೆ ನೆನಪಾಗುತ್ತದೆ. ಮೊಬೈಲಿನಲ್ಲಿ ಗೋಡೆಯೂ ಇಲ್ಲ, ದೀಪವೂ ಇಲ್ಲ.

ಇದರ ಬೆಲೆ ಎಷ್ಟೆಂದು ನಮ್ಮ ನಾಡೇ ಕಂಡಿದೆ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ದುಡಿಯುವ ಸಂಸ್ಥೆಯೊಂದು ಒಂದು ಕಿರುಚಿತ್ರ ಮಾಡಿಸಿತ್ತು. ಬೀದಿಯಲ್ಲಿ ಆಡುವ ಮಗುವನ್ನು ಬೈಕಿನಲ್ಲಿ ಬಂದ ಇಬ್ಬರು ಎತ್ತಿಕೊಂಡು ಹೋಗುತ್ತಾರೆ. ಕೂಡಲೇ ಮರಳಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಅದು ಅಪ್ಪಟ ಥ್ರಿಲ್ಲರಿನ ಕಟ್ಟುವಿಕೆ, ಉದ್ದೇಶವೂ ಒಳ್ಳೆಯದೇ. ಯಾರೋ ಅದರ ಕೊನೆಯನ್ನು ಕತ್ತರಿಸಿದರು. ಉಳಿದ ತುಣುಕು, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿಯೊಂದಿಗೆ 2018ರಲ್ಲಿ ಭಾರತದ ವಾಟ್ಸಾಪ್‌ಗಳಲ್ಲಿ ಹರಿದಾಡಿತು. ಆ ವದಂತಿಗಳ ದಿನಗಳಲ್ಲೇ, ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ತಾನದ ಯುವಕನೊಬ್ಬನನ್ನು ಜನ ಬಡಿದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರೊಬ್ಬ ಗುಂಪಿಗೆ ಬಲಿಯಾದ. ಅವನ ಗೆಳೆಯರ ತಂಡ ಮಾಡಿದ್ದು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದು ಮಾತ್ರ.

ಕರಾಚಿಯವರು ಈ ಕೊಲೆಗಳಿಗೆ ಹೊಣೆಯೇ? ಅಲ್ಲ. ಕತ್ತರಿಸಿದವನು ಹೊಣೆ, ಹಂಚಿದವನು ಹೊಣೆ, ಕೈ ಎತ್ತಿದವನು ಎಲ್ಲರಿಗಿಂತ ಹೆಚ್ಚು ಹೊಣೆ. ಆದರೆ ಇಂದು ಚಿತ್ರ ಮಾಡುವವನು ಒಂದು ಮಾತನ್ನು ಮರೆಯುವಂತಿಲ್ಲ. ಅವನ ಭಯ ಇಡಿಯಾಗಿ ಪ್ರಯಾಣ ಮಾಡುವುದಿಲ್ಲ, ತುಣುಕಾಗಿ ಮಾಡುತ್ತದೆ. ಸತ್ಯವನ್ನು ಕೊನೆಯ ಹತ್ತು ಸೆಕೆಂಡಿನಲ್ಲಿ ಮಾತ್ರ ಇಟ್ಟರೆ, ಕಳೆದುಹೋಗುವುದು ಅದೇ.

ಸೆಳೆಯುವ ಮತ್ತೊಂದು ಸುಲಭ ಉಪಾಯವಿದೆ. ಪ್ರೇಕ್ಷಕ ಈಗಾಗಲೇ ಯಾರನ್ನು ಸಂಶಯಿಸುತ್ತಾನೋ ಅವನನ್ನೇ ಖಳನನ್ನಾಗಿಸುವುದು. ಗಡ್ಡ, ಟೋಪಿ, ಹಿನ್ನೆಲೆಯಲ್ಲಿ ಒಂದು ಅಜಾನ್ ಇದ್ದರೆ ಬಾಂಬು ಎಲ್ಲಿದೆ ಎಂದು ವಿವರಿಸುವ ಕಷ್ಟವೇ ಇಲ್ಲ. ಹಿಜಡಾ, ಮಾನಸಿಕ ಅಸ್ವಸ್ಥ, ಅಲೆಮಾರಿ, ಇವರೂ ಹೀಗೆ ಬಳಕೆಯಾಗುತ್ತಾರೆ. ಊರುಗಳೂ ಬಳಕೆಯಾಗುತ್ತವೆ. ಸುಗಟೂರಿನ ಪ್ರಭು ಕಟ್ಟಿಸಿದ ಹೊಸಕೋಟೆಯ ಸೀಮೆಯಲ್ಲೇ ದಂಡುಪಾಳ್ಯ ಎಂಬ ಹಳ್ಳಿಯಿದೆ. ಒಂದು ಅಪರಾಧಿ ತಂಡದಿಂದಾಗಿ ಕೆಟ್ಟ ಹೆಸರು ಹೊತ್ತ ಆ ಊರಿನ ಹೆಸರನ್ನೇ ಇಟ್ಟು 2012ರಲ್ಲಿ ಸಿನಿಮಾ ಬಂತು, ಅದು ಗೆದ್ದಿತು, ಮುಂದೆ ಭಾಗಗಳೂ ಬಂದವು. ಕೊಲೆ ಮಾಡಿದವರು ಬೆರಳೆಣಿಕೆಯ ಜನ. ಆದರೆ ಊರ ಹೆಸರು ಹೇಳಿಕೊಂಡು ಕೆಲಸಕ್ಕೆ, ಸಂಬಂಧಕ್ಕೆ ಹೊರಗೆ ಹೋಗಬೇಕಾದವರು ಊರಿನವರೆಲ್ಲರೂ. ಭಿತ್ತಿಪತ್ರದ ಮೇಲೆ ಆ ಹೆಸರನ್ನು ದೊಡ್ಡದಾಗಿ ಬರೆಯುವಾಗ ಅವರ ಒಪ್ಪಿಗೆ ಯಾರಿಗೂ ಬೇಕಾಗುವುದಿಲ್ಲ.

ಹಾಗಾದರೆ ಥ್ರಿಲ್ಲರ್ ಮಾಡಲೇಬಾರದೇ? ಭಯವೂ ಮನುಷ್ಯನ ಅನುಭವವೇ. ಅದನ್ನು ಕಲೆಯಿಂದ ಹೊರಗಿಡುವುದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ಪವನ್ ಕುಮಾರ್ 2016ರಲ್ಲಿ ಮಾಡಿದ ‘ಯು ಟರ್ನ್’ ನೆನಪಿಸಿಕೊಳ್ಳಿ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯ ನಡುವಿನ ಕಲ್ಲುಗಳನ್ನು ಸರಿಸಿ ಅಡ್ಡದಾರಿ ಹಿಡಿಯುವ ಬೈಕ್ ಸವಾರರೇ ಅಲ್ಲಿನ ಅಪರಾಧಿಗಳು. ನೋಡುವವನು ಬೇರೆ ಯಾರ ಕಡೆಗೂ ಬೆರಳು ತೋರುವಂತಿಲ್ಲ. ಆ ಕಲ್ಲನ್ನು ತಾನೂ ಸರಿಸಿರಬಹುದು. ಚಿತ್ರ ಚೆನ್ನಾಗಿಯೇ ಓಡಿತು, ಬೇರೆ ಭಾಷೆಗಳಿಗೂ ಹೋಯಿತು. ಅದೇ ನಿರ್ದೇಶಕರು 2013ರಲ್ಲಿ ‘ಲೂಸಿಯಾ’ ಮಾಡಿದಾಗ ಸುಮಾರು ನೂರು ಮಂದಿ ಸಾಮಾನ್ಯ ಪ್ರೇಕ್ಷಕರು ಒಟ್ಟಾಗಿ ಸುಮಾರು 50 ಲಕ್ಷ ರೂಪಾಯಿ ಹಾಕಿದ್ದರು. ಪ್ರೇಕ್ಷಕನನ್ನು ಬೇಟೆಯೆಂದು ನೋಡದೆ ಪಾಲುದಾರನೆಂದು ಕಂಡರೂ ಅವನು ಬರುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಸುಗಟೂರಿನ ನಮ್ಮ ಹುಡುಗರಿಗೆ ಕಾಡು, ದೆವ್ವ, ಗಡ್ಡದ ಆಗಂತುಕ ಯಾವುದೂ ಬೇಕಾಗಿಲ್ಲ. ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿ ನೂರಾರು ಅಡಿ ಇಳಿದರೂ ಬರಿಯ ದೂಳು ಬರುವ ಜಾಗಗಳಿವೆ. ಫ್ಲೋರೈಡ್ ಬೆರೆತ ನೀರು ಕುಡಿದು ಹಲ್ಲು ಕೆಡಿಸಿಕೊಂಡ ಮಕ್ಕಳಿದ್ದಾರೆ. 2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಗೊಂಡು ಇಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಕೆರೆ ತುಂಬಿತೆಂದು ಸಂತೋಷಪಡುವ ರೈತನೇ ‘ಇದರಲ್ಲಿ ಏನಿದೆ?’ ಎಂದೂ ಕೇಳುತ್ತಾನೆ. ಒಂದು ಲೋಟ ನೀರನ್ನು ಮೇಜಿನ ಮೇಲಿಟ್ಟು, ಅದರಲ್ಲಿ ಏನಿದೆಯೆಂದು ಪ್ರೇಕ್ಷಕನಿಗೆ ಮೊದಲೇ ಹೇಳಿ, ಶಾಲೆಯಿಂದ ಓಡಿಬಂದ ಮಗು ಅದರತ್ತ ಕೈ ಚಾಚುವುದನ್ನು ತೋರಿಸಿದರೆ, ಉಸಿರು ಬಿಗಿ ಹಿಡಿಯದವರು ಯಾರು?

ನಮ್ಮ ಕಾಲೇಜುಗಳಲ್ಲೂ ಕಿರುಚಿತ್ರ ಸ್ಪರ್ಧೆಗಳು ನಡೆಯುತ್ತವೆ. ತೀರ್ಪು ಕೊಡುವವರು ‘ಪ್ರೇಕ್ಷಕರನ್ನು ಹೇಗೆ ಸೆಳೆದಿರಿ?’ ಎಂದು ಕೇಳಲಿ. ಜೊತೆಗೆ ಇನ್ನೂ ಒಂದನ್ನು ಕೇಳಲಿ: ನಿಮ್ಮ ಚಿತ್ರ ನೋಡಿ ಎದ್ದ ಹುಡುಗ ಬೀದಿಯಲ್ಲಿ ಒಬ್ಬ ಅಪರಿಚಿತನನ್ನು ಕಂಡಾಗ ಅವನನ್ನು ಹೇಗೆ ನೋಡುತ್ತಾನೆ? ಅಂಕ ಯಾವುದಕ್ಕೆ ಹೆಚ್ಚು ಎಂಬುದನ್ನು ಅವರೇ ನಿರ್ಧರಿಸಲಿ.