ಒಗ್ಗದು ಎಂದರೆ ನಂಬಬೇಕೆ?

ಇನ್ನೊಬ್ಬರ ಹಲ್ಲುನೋವನ್ನು ಲೋಕ ಸುಲಭವಾಗಿ ನಂಬುತ್ತದೆ. ಒಮ್ಮೆಯಾದರೂ ಅದರ ರುಚಿ ಕಾಣದವರು ಕಡಮೆ. ಆದರೆ ಹತ್ತು ಮಂದಿಗೆ ಒಗ್ಗಿದ ಪೌಡರೋ ಕುಂಕುಮವೋ ಹನ್ನೊಂದನೆಯವಳ ಚರ್ಮಕ್ಕೆ ಒಗ್ಗದೆ ಹೋದಾಗ ನೋಡಿ, ಆಕೆಯ ಮಾತು ಉಳಿದ ಹತ್ತು ಮಂದಿಗೆ ನಾಜೂಕಿನ ಸೋಗಾಗಿ ಕಾಣುತ್ತದೆ.

ನನ್ನ ಅಣ್ಣನ ಸೊಸೆಗೆ ಕುಂಕುಮವಿಡುವ ಜಾಗ ಕೆಂಪೇರಿ ತುರಿಸತೊಡಗಿತು. ಅಂಟಿಸುವ ಬೊಟ್ಟಿಗೆ ಬದಲಾಯಿಸಿದಳು. ಕೆಲವು ತಿಂಗಳಲ್ಲಿ ಅದರಡಿಯ ಚರ್ಮ ಬೆಳ್ಳಗಾಯಿತು. ಎರಡನ್ನೂ ಬಿಟ್ಟಾಗ ಅತ್ತಿಗೆ ಕೇಳಿದರು: "ಇಷ್ಟು ವರ್ಷ ಇಟ್ಟುಕೊಂಡದ್ದೇ ಅಲ್ಲವೇನೇ? ಈಗೇನು ಹೊಸದಾಗಿ ಬಂತು?" ಪ್ರಶ್ನೆಯಲ್ಲಿ ಕ್ರೌರ್ಯವಿರಲಿಲ್ಲ. ಮುತ್ತೈದೆಯ ಬರಿಯ ಹಣೆ ಅವರ ಪಾಲಿಗೆ ನಿಜವಾದ ಭಯ. ತರ್ಕವೂ ಮೇಲುನೋಟಕ್ಕೆ ಸರಿಯೇ. ಆದರೆ ದೇಹದ ಲೆಕ್ಕ ಬೇರೆ. ವರ್ಷಗಟ್ಟಲೆ ಸುಮ್ಮನಿದ್ದ ಚರ್ಮ ಒಂದು ದಿನ ಆ ವಸ್ತುವನ್ನು ಹಗೆಯೆಂದು ಗುರುತು ಹಿಡಿಯುತ್ತದೆ. ಆಮೇಲೆ ಸುಲಭಕ್ಕೆ ಮರೆಯುವುದಿಲ್ಲ. ಇಷ್ಟು ವರ್ಷ ಹಚ್ಚಿದ್ದೇ ಕಾರಣವಾಗಿರುವುದೂ ಉಂಟು.

ಕುಂಕುಮವೂ ಎಲ್ಲ ಒಂದೇ ಅಲ್ಲ. ಅರಿಶಿನಕ್ಕೆ ಸುಣ್ಣ ಬೆರೆತು ಬರುವ ಕೆಂಪು ಒಂದು. ಅಂಗಡಿಯ ಪುಡಿಗೆ ಎಷ್ಟೋ ಸಲ ಸೇರುವ ಕೃತಕ ಬಣ್ಣದ ಕೆಂಪು ಇನ್ನೊಂದು. ಅಂಟುಬೊಟ್ಟಿನ ಗೋಂದಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ದ್ರವ್ಯವಿದ್ದರೆ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಅದು ಕೊಲ್ಲಬಲ್ಲದು. ಹಾಗೆಂದು "ನೈಸರ್ಗಿಕ" ಎಂಬ ಮಾತಿಗೆ ಮರುಳಾಗಬೇಕಾಗಿಲ್ಲ. ಅರಿಶಿನ, ಗಂಧದೆಣ್ಣೆಗಳೂ ಕೆಲವರಿಗೆ ಒಗ್ಗವು.

ಚರ್ಮದ ವೈದ್ಯರು ಸಂದೇಹದ ದ್ರವ್ಯಗಳನ್ನು ಸಣ್ಣ ಪಟ್ಟಿಗಳಲ್ಲಿ ಬೆನ್ನಿಗೆ ಅಂಟಿಸಿ, 48 ಗಂಟೆಗಳ ಮೇಲೆ ತೆಗೆದು ನೋಡುತ್ತಾರೆ. ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಯಾವುದನ್ನು ದೂರವಿಡಬೇಕೆಂದು ತಿಳಿಯಲು ಇದು ಬೇಕು. ನಮ್ಮ ಮನೆಯಲ್ಲಿ ಮಾತ್ರ ಪಟ್ಟಿಗಳು ಇನ್ನೊಂದು ಕೆಲಸವನ್ನೂ ಮಾಡಿದವು: ಅತ್ತಿಗೆ ನಂಬಿದರು. ಸೊಸೆ ಆರು ತಿಂಗಳಿಂದ ಹೇಳುತ್ತಿದ್ದುದನ್ನು ಎರಡು ಕೆಂಪು ಕಲೆಗಳು ಒಂದು ವಾರದೊಳಗೆ ಒಪ್ಪಿಸಿದವು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆಕೆಯ ಮಾತಿಗಿಲ್ಲದ ಬೆಲೆ ಆಕೆಯ ಬೆನ್ನಿಗೆ ಬಂದದ್ದು ಹೇಗೆ? ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಹುಡುಗಿ ಸುಳ್ಳುಗಾತಿಯಾಗುತ್ತಿದ್ದಳೆ? ಉರಿಯುವುದು ನಿಜವಾದರೂ ಪಟ್ಟಿಯ ಕೆಳಗೆ ಏನನ್ನೂ ತೋರದ ಚರ್ಮಗಳಿವೆ.

ಯಾರೋ ಸೋಗು ಹಾಕಿ ನಮ್ಮನ್ನು ನಂಬಿಸಬಹುದು ಎನ್ನುವಿರಿ. ಹಾಕಲಿ. ಮೋಸಹೋದ ನನಗೆ ಆಗುವ ನಷ್ಟವಾದರೂ ಏನು? ಒಂದು ಹಣೆ ಬರಿದಾಗಿರುತ್ತದೆ. ನಂಬದೆ ಹೋದರೆ ನಷ್ಟವೆಲ್ಲ ಆ ಹಣೆಯವಳದು. ಇನ್ನೊಬ್ಬರ ತುರಿಕೆ ನನಗೆ ತಾಗುವಂತಿಲ್ಲ. ಅದನ್ನು ನಾನು ತಿಳಿಯಲು ಅವರ ಮಾತಿನ ಹೊರತು ಬೇರೆ ದಾರಿಯೂ ಹೆಚ್ಚಿಲ್ಲ.

ಇಷ್ಟು ಸಂಶಯದ ನಾವು ಡಬ್ಬಿಯ ಮಾತನ್ನು ಸಾಕ್ಷಿ ಕೇಳದೆ ನಂಬುತ್ತೇವೆ. ಮುಖದ ಕ್ರೀಮುಗಳ ಮೇಲೆ "ಹೈಪೋಅಲರ್ಜೆನಿಕ್" ಎಂದಿರುತ್ತದೆ. ಒಗ್ಗದಿರುವ ಸಂಭವ ಕಡಮೆ ಎಂದು ಭಾವ. ಈ ಪದ ಬಳಸುವವರು ಪರೀಕ್ಷಿಸಿ ತೋರಿಸಲಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1975ರಲ್ಲಿ ನಿಯಮ ಮಾಡಿತು. ಆಲ್ಮೇ, ಕ್ಲಿನಿಕ್ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 1977ರ ಡಿಸೆಂಬರಿನಲ್ಲಿ ನಿಯಮ ಬಿದ್ದುಹೋಯಿತು. ಆ ಪದಕ್ಕೆ ಅಲ್ಲಿ ಇಂದಿಗೂ ಕಾನೂನಿನ ಅರ್ಥವಿಲ್ಲ. "ಅನ್‌ಸೆಂಟೆಡ್" ಎಂಬುದು ಇನ್ನೂ ಸ್ವಾರಸ್ಯದ್ದು: ಬೇರೆ ದ್ರವ್ಯಗಳ ವಾಸನೆ ಮುಚ್ಚಲೆಂದೇ ಅದರಲ್ಲಿ ಸುಗಂಧ ಸೇರಿರುವುದುಂಟು!

ಈಗ ಸೊಸೆ ಡಬ್ಬಿಯ ಹಿಂಬದಿಯ ಸಣ್ಣಕ್ಷರ ಓದಿ, ಸುಗಂಧವೇ ಇಲ್ಲದ್ದನ್ನು, ದ್ರವ್ಯಗಳ ಪಟ್ಟಿ ಚಿಕ್ಕದಿರುವುದನ್ನು ಆರಿಸುತ್ತಾಳೆ. ಹೊಸದು ಒಂದು ಸಲಕ್ಕೆ ಒಂದೇ. ಮುಂದೋಳಿನ ಒಳಬದಿಗೆ ದಿನಕ್ಕೆರಡು ಸಲದಂತೆ ಒಂದು ವಾರಕ್ಕೆ ಮೇಲ್ಪಟ್ಟು ಹಚ್ಚಿ ನೋಡಿ, ಏನೂ ಆಗದಿದ್ದರೆ ಮುಖಕ್ಕೆ. ಅತ್ತಿಗೆ ತಾವೇ ಒಂದು ದಾರಿ ಕಂಡುಕೊಂಡಿದ್ದಾರೆ: ಹಬ್ಬದ ದಿನ ಸೊಸೆಯ ಹಣೆ ಬಿಟ್ಟು ತಾಳಿಗೆ ಕುಂಕುಮ ಮುಟ್ಟಿಸುತ್ತಾರೆ. ಬಂದವರು ಹಣೆ ನೋಡಿ ಹುಬ್ಬೇರಿಸಿದರೆ, "ಅವಳಿಗೆ ಒಗ್ಗುವುದಿಲ್ಲ" ಎನ್ನುತ್ತಾರೆ. ಮರುಕ್ಷಣವೇ, "ಡಾಕ್ಟರೇ ಹೇಳಿದ್ದಾರೆ" ಎಂದು ಸೇರಿಸುತ್ತಾರೆ.